ಶುಂಠಿ ಸೋಡಾ ರಾಯರು

ಶುಂಠಿ ಸೋಡಾ ರಾಯರು ಬೆಂಗಳೂರಿನ ಜಯನಗರ, ಮೈಸೂರಿನ ಕುವೆಂಪುನಗರದಂಥ ಬಡಾವಣೆಗಳಲ್ಲಿ ಹೇರಳವಾಗಿ ಕಂಡುಬರುತ್ತಾರೆ. ಸ್ವಂತ ತಾರಸಿ, ತಪ್ಪದೆ ಬರುವ ಪಿಂಚಣಿ, ಹೊರದೇಶದಲ್ಲಿರುವ ಮಗಳು, ಈ ಮೂರೂ ಕೂಡಿದಲ್ಲಿ ಸೊಂಪಾಗಿ ಬೆಳೆಯುತ್ತಾರೆ. ನೌಕರಿಯಲ್ಲಿದ್ದಷ್ಟು ಕಾಲ ಇವರು ಅಡುಗೆಮನೆಗೆ ಬಂದದ್ದು ನೀರು ಕುಡಿಯಲು ಮಾತ್ರ. ನಿವೃತ್ತರಾದ ಮೇಲಿನ ಮೊದಲ ಬೇಸಿಗೆಯಲ್ಲಿ ಉಪ್ಪಿನಕಾಯಿಯ ಗಾಜಿನ ಜಾಡಿಯೊಂದು ಹೇಳದೆ ಕೇಳದೆ ಕಾಣೆಯಾಗುತ್ತದೆ. ಇದು ಮೊದಲ ಲಕ್ಷಣ.

ಆ ಜಾಡಿಯಲ್ಲಿ ನಡೆಯುವುದು ಇಷ್ಟೇ. ಸಿಪ್ಪೆ ಸಮೇತ ತುರಿದ ಹಸಿಶುಂಠಿಯನ್ನು ಸಕ್ಕರೆ ನೀರಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿಟ್ಟು, ದಿನಕ್ಕೊಮ್ಮೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಸೇರಿಸಿ ಕಲಕಬೇಕು. ಸಿಪ್ಪೆಯ ಮೇಲಿರುವ ಯೀಸ್ಟ್ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಐದರಿಂದ ಏಳು ದಿನಗಳಲ್ಲಿ ನೊರೆ ಏಳುತ್ತದೆ. ನಲ್ಲಿ ನೀರಿನ ಕ್ಲೋರಿನ್ ಈ ಜೀವಿಗೆ ಆಗದು. ಹಾಗಾಗಿ ಕಾವೇರಿ ನೀರು ರಾತ್ರಿಯೆಲ್ಲ ಬಾಯ್ದೆರೆದ ಪಾತ್ರೆಯಲ್ಲಿ ಕೂರುತ್ತದೆ, ಪಕ್ಕದಲ್ಲಿ ರಾಯರೂ ಕೂರುತ್ತಾರೆ. ಮಕ್ಕಳಿಗೆ ಒಂದು ದಿನ ಹಾಲು ಕಾಯಿಸಿ ಕೊಡದವರು ಇದಕ್ಕೆ ಹೊತ್ತುಹೊತ್ತಿಗೆ ಉಣಿಸುತ್ತಾರೆ.

“ರೀ, ನಿಮ್ಮ ಜಾಡಿ ಗೊರಗೊರ ಅಂತಿದೆ.”

“ಉಸಿರಾಡ್ತಿದೆ ಕಣೇ!”

ಅದೇ ಕಟ್ಟೆಯ ಮೇಲೆ, ಒಂದು ಮೊಳ ದೂರದಲ್ಲಿ, ದೋಸೆ ಹಿಟ್ಟು ಮದುವೆಯಾದಂದಿನಿಂದ ಹುದುಗು ಬರುತ್ತಲೇ ಇದೆ. ಅದು ವಿಜ್ಞಾನವೆಂದು ಆ ಮನೆಯಲ್ಲಿ ಈವರೆಗೆ ಯಾರೂ ಹೇಳಿರಲಿಲ್ಲ.

ಸೊಪ್ಪುಗಳ ಸರದಿ ನಂತರದ್ದು. ತಾರಸಿಯ ಕುಂಡಗಳಿಂದ ಪುದೀನ, ತುಳಸಿ, ಮಜ್ಜಿಗೆ ಹುಲ್ಲು, ದೊಡ್ಡಪತ್ರೆ ಇಳಿದು ಬರುತ್ತವೆ. ಶುಂಠಿ ಮತ್ತು ಸಕ್ಕರೆಯನ್ನು ನೀರಲ್ಲಿ ಕುದಿಸಿ, ಒಲೆ ಆರಿಸಿದ ಮೇಲೆ ಸೊಪ್ಪು ಹಾಕಿ ಮುಚ್ಚಿಡುವುದು ಸರಿಯಾದ ಕ್ರಮ. ಸೊಪ್ಪನ್ನೂ ಕುದಿಸಿದರೆ ಪರಿಮಳ ಹಬೆಯ ಜೊತೆ ಹಾರಿಹೋಗಿ ಕಷಾಯ ಉಳಿಯುತ್ತದೆ. ದೊಡ್ಡಪತ್ರೆ ಒಂದೆಲೆ ಹೆಚ್ಚಾದರೂ ಕಷಾಯವೇ. ರಾಯರು ನಾಲ್ಕು ಹಾಕುತ್ತಾರೆ. ಪೂರಾ ಆರಿದ ಮೇಲೆ ನಿಂಬೆರಸ ಹಿಂಡಿ, ಜಾಡಿಯ ತಿಳಿಯನ್ನು ಸೋಸಿ ಬೆರೆಸಬೇಕು. ಬಿಸಿಯಲ್ಲೇ ಬೆರೆಸಿದರೆ ವಾರವೆಲ್ಲ ಸಾಕಿದ ಯೀಸ್ಟ್ ಅಲ್ಲೇ ಸಾಯುತ್ತದೆ, ಮನೆಯಲ್ಲಿ ಎರಡು ದಿನ ಮೌನವಿರುತ್ತದೆ.

ಇನ್ನು ಬಾಟಲಿಯ ವಿಚಾರ. ಒಳಗೆ ಅನಿಲ ತುಂಬುತ್ತಲೇ ಹೋಗುವುದರಿಂದ ಸಾಮಾನ್ಯ ಗಾಜಿನ ಬಾಟಲಿ ಸಿಡಿಯಬಹುದು. ಪ್ಲಾಸ್ಟಿಕ್ ಬಾಟಲಿಯಾದರೆ ಹೊಟ್ಟೆ ಅದುಮಿ ನೋಡಬಹುದು. ಕಲ್ಲಿನಂತಾದ ಕೂಡಲೇ ಫ್ರಿಜ್ಜಿಗೆ. ಬೇಸಿಗೆಯಲ್ಲಿ ಇದಕ್ಕೆ ಎರಡು ಮೂರು ದಿನ ಸಾಕು. ಇದೆಲ್ಲ ರಾಯರಿಗೆ ಬಾಯಿಪಾಠ. ಆದರೂ ಅಂದಕ್ಕೆ ಮನಸೋತು ಗಾಜನ್ನೇ ಆರಿಸುವುದು ಈ ಪ್ರಭೇದದ ಸ್ವಭಾವ. ನಡುರಾತ್ರಿ ಸ್ಟೋರ್ ರೂಮಿನಲ್ಲಿ ಢಂ ಎಂದರೆ ಮನೆಯವರು ಕಳ್ಳನ ಭಯ ಪಡುವುದಿಲ್ಲ, ಮಗ್ಗುಲು ಬದಲಿಸುತ್ತಾರೆ.

ಅತಿಥಿಗೆ ಲೋಟ ಸುಲಭವಾಗಿ ಸಿಗುವುದಿಲ್ಲ. ಮೊದಲು 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಪ್ರೀಸ್ಟ್ಲಿ ಬಿಯರ್ ಹುದುಗುವ ತೊಟ್ಟಿಯ ಮೇಲೆ ನೀರಿಟ್ಟು ಅದಕ್ಕೆ ಅನಿಲ ಸೇರಿಸಿದ್ದನ್ನು ಕೇಳಬೇಕು. ಆಮೇಲೆ ಗೋಲಿ ಸೋಡಾ ಬಾಟಲಿಯನ್ನು ರೂಪಿಸಿದ ಹೈರಂ ಕಾಡ್ ಬರುತ್ತಾನೆ. ಅಷ್ಟರಲ್ಲಿ ನೊರೆ ಇಳಿದಿರುತ್ತದೆ. ಕುಡಿದವರು ಒಮ್ಮೆ ಸೀನಿ, ಕಣ್ಣೊರೆಸಿಕೊಂಡು, “ರಾಮನವಮಿ ಪಾನಕದ ಹಾಗಿದೆ” ಎನ್ನುತ್ತಾರೆ. ರಾಯರ ಮುಖ ಸಣ್ಣದಾಗುತ್ತದೆ. ಪಾನಕಕ್ಕೆ ಎಲ್ಲಿಯ ಹುದುಗು, ಎಲ್ಲಿಯ ಅನಿಲ! ವ್ಯತ್ಯಾಸವನ್ನು ಮನದಟ್ಟು ಮಾಡುವ ಉತ್ಸಾಹದಲ್ಲಿ, ಯೀಸ್ಟ್ ಅನಿಲದ ಜೊತೆಗೆ ಚೂರು ಮದ್ಯಸಾರವನ್ನೂ ತಯಾರಿಸುತ್ತದೆ ಎಂಬ ಸತ್ಯವನ್ನು ತಾವಾಗಿಯೇ ಹೊರಗೆಡಹುತ್ತಾರೆ. ಮಡಿಯ ಅತ್ತೆಯವರು ಲೋಟ ಕೆಳಗಿಡುತ್ತಾರೆ. ಅದುವರೆಗೆ ಸಕ್ಕರೆ ಕಾಯಿಲೆಯ ನೆಪ ಹೇಳಿ ಬೇಡವೆನ್ನುತ್ತಿದ್ದ ಬೀಗರು ಮಾತ್ರ, ಅರ್ಧ ಲೋಟ ನೋಡೋಣ ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.