ಚಮಚ ಹಗುರ, ಯಜಮಾನ ಭಾರ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಊರಿನಲ್ಲಿ ಜುಲೈ ಕೊನೆಗೆ ವಿಮಾನಗಳ ಜಾತ್ರೆ. ಪಾಲ್ ಪೊಬೆರೆಜ್ನಿ 1953ರಲ್ಲಿ ಕಟ್ಟಿದ ಹವ್ಯಾಸಿ ವಿಮಾನಪ್ರಿಯರ ಸಂಘ ನಡೆಸುವ ಈ ಜಾತ್ರೆ 1970ರಿಂದ ಇಲ್ಲಿಯೇ ಠಿಕಾಣಿ ಹೂಡಿದೆ. ಸುತ್ತಲಿನ ನಿಲ್ದಾಣಗಳೂ ಸೇರಿದರೆ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಬಂದಿಳಿಯುತ್ತವೆ. ಬಹಳಷ್ಟು ಮಂದಿ ಹೋಟೆಲಿನ ಗೋಜಿಗೆ ಹೋಗದೆ ತಮ್ಮ ವಿಮಾನದ ಪಕ್ಕದಲ್ಲೇ ಡೇರೆ ಹಾಕಿಕೊಂಡು ವಾರ ಕಳೆಯುತ್ತಾರೆ. ಅಂಥದೊಂದು ಹುಲ್ಲುಬಯಲಿನಲ್ಲಿ 1974ರ ಒಂದು ಸೆಸ್ನಾ 172 ನಿಂತಿತ್ತು. ನಾಲ್ಕು ಸೀಟು, ಒಂದು ಎಂಜಿನ್ನು, ವಯಸ್ಸಿಗೆ ತಕ್ಕ ನಾಲಿಗೆ. ಯಜಮಾನ ಸ್ನಾನದ ಸಾಲಿನಲ್ಲಿ ನಿಂತಿದ್ದಾಗ ಮಾತಿಗೆ ಸಿಕ್ಕಳು.

ನಾನು: ಪ್ರಯಾಣ ಹೇಗಿತ್ತು, ಅಜ್ಜಿ?

ಸೆಸ್ನಾ: ಏಳುವಾಗ ಏದುಸಿರು ಬಂತು. ನಮ್ಮವನು ಒಂದು ತಿಂಗಳಿಂದ ಅಡುಗೆಮನೆ ತಕ್ಕಡಿ ಇಟ್ಟುಕೊಂಡು ಒಂದೊಂದೇ ಸಾಮಾನು ತೂಗಿದ್ದಾನೆ. ಟೈಟಾನಿಯಂ ಚಮಚ ತರಿಸಿದ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಅರ್ಧಕ್ಕೆ ಕತ್ತರಿಸಿದ. ಟವೆಲ್ಲಿನ ಅಂಚಿಗೆ ಹೊಲಿದಿದ್ದ ಚೀಟಿ ಕಿತ್ತು ಬಿಸಾಡಿದ.

ನಾನು: ಶಿಸ್ತಿನ ಮನುಷ್ಯ.

ಸೆಸ್ನಾ: ಆ ತಕ್ಕಡಿ ಮೇಲೆ ತಾನು ಮಾತ್ರ ಹತ್ತಲಿಲ್ಲ. ನನ್ನ ಕೈಪಿಡಿಯ ಮಾದರಿ ಲೆಕ್ಕದಲ್ಲಿ ಒಬ್ಬ ಮನುಷ್ಯ ಅಂದರೆ 170 ಪೌಂಡು, ಅಂದರೆ 77 ಕಿಲೋ. ಪೈಲಟ್ ಲೈಸೆನ್ಸ್ ತೆಗೆದುಕೊಂಡಾಗ ಇವನು ಅಷ್ಟೇ ಇದ್ದ. ಇವತ್ತಿಗೂ ಕಾಗದದಲ್ಲಿ ಅಷ್ಟೇ ಬರಕೊಳ್ತಾನೆ. ಕಾಗದ ನಂಬುತ್ತೆ. ನನ್ನ ಚಕ್ರ ನಂಬಲ್ಲ.

ನಾನು: ನಾಲ್ಕು ಸೀಟಿವೆ, ಹಿಂದೆ ಡಿಕ್ಕಿಯೂ ಇದೆ. ಇಷ್ಟಕ್ಕೆಲ್ಲ ಗೊಣಗಬೇಕೆ?

ಸೆಸ್ನಾ: ಕಾರು ಅಂದುಕೊಂಡೆಯಾ? ಜಾಗ ಇದೆ ಅಂತ ತುಂಬೋದಕ್ಕೆ! ಎಲ್ಲಾ ಸೇರಿ ನಾನು ನೆಲ ಬಿಡಬಹುದಾದ ತೂಕ 2300 ಪೌಂಡು, ಹೆಚ್ಚುಕಡಿಮೆ 1043 ಕಿಲೋ. ನನ್ನ ಮೈತೂಕ ಕಳೆದರೆ ಉಳಿಯೋದು ಸುಮಾರು 400. ಟ್ಯಾಂಕು ತುಂಬಿಸಿದರೆ ಪೆಟ್ರೋಲೇ 114 ಕಿಲೋ. ನಾಲ್ಕು ಜನ ಕೂತರೆ, ಅದೂ ಕೈಪಿಡಿಯ ಬಡಕಲು ಜನ, 308. ಸಾಮಾನಿಗೆ ಇನ್ನೇನು ಉಳಿಯಿತು, ನೀನೇ ಕಳೆದು ನೋಡು. ನಾಲ್ಕು ಸೀಟು, ಡಿಕ್ಕಿ, ಟ್ಯಾಂಕು ಮೂರೂ ಒಟ್ಟಿಗೆ ತುಂಬೋ ಭಾಗ್ಯ ನನಗಿಲ್ಲ. ಅದಕ್ಕೇ ಇಲ್ಲಿಗೆ ಬರೋ ನನ್ನಂಥವರಲ್ಲಿ ಇಬ್ಬರೇ ಇಳಿಯೋದು.

ನಾನು: ಹಾಗಾದರೆ ಡೇರೆ, ಕುರ್ಚಿ, ಐಸ್ ಪೆಟ್ಟಿಗೆ ಎಲ್ಲ ಹಿಂದಕ್ಕೆ ಹಾಕಿದರೆ ಆಯಿತಲ್ಲ.

ಸೆಸ್ನಾ: ಡಿಕ್ಕಿಗೆ ಮಿತಿ 120 ಪೌಂಡು. 54 ಕಿಲೋ ಕಣಪ್ಪ, ದೊಡ್ಡ ವಿಮಾನದಲ್ಲಿ ನಿಮ್ಮವರು ಊರಿಂದ ತರೋ ಎರಡು ಸೂಟ್‌ಕೇಸಿಗಿಂತ ಸ್ವಲ್ಪ ಜಾಸ್ತಿ. ಎಷ್ಟು ಅನ್ನೋದು ಒಂದು, ಎಲ್ಲಿ ಅನ್ನೋದು ಇನ್ನೊಂದು. ಬಾಲದ ಕಡೆ ಭಾರ ಹೆಚ್ಚಾದರೆ ಮೂಗು ಮೇಲಕ್ಕೇಳುತ್ತೆ. ವೇಗ ಕುಸಿದು ರೆಕ್ಕೆ ಎತ್ತುವುದನ್ನು ಬಿಟ್ಟಾಗ ಆ ಮೂಗನ್ನು ಕೆಳಗೆ ತರೋದೇ ಕಷ್ಟವಾಗುತ್ತೆ. ಭಾರದ್ದು ಹಿಂದಿನ ಸೀಟಿನ ಮೇಲೆ, ಬೆಲ್ಟು ಬಿಗಿದು. ಡೇರೆ, ಹಾಸಿಗೆ ಹಿಂದಕ್ಕೆ. ಇವನು ಐಸ್ ಪೆಟ್ಟಿಗೆ ಕಟ್ಟಿರಲಿಲ್ಲ.

ನಾನು: ಏನಾಯಿತು?

ಸೆಸ್ನಾ: ಇಲ್ಲಿಗೆ ಬರೋ ದಾರಿ ಗೊತ್ತಲ್ಲ? ರಿಪನ್ ಊರಿನಿಂದ ರೈಲು ಹಳಿ ಹಿಡಿದು ಫಿಸ್ಕ್ ಅನ್ನೋ ಹಳ್ಳಿವರೆಗೆ, 90 ನಾಟ್ ವೇಗ, 1800 ಅಡಿ ಎತ್ತರ, ಒಬ್ಬರ ಹಿಂದೆ ಒಬ್ಬರು. ರೇಡಿಯೋದಲ್ಲಿ ಯಾರೂ ಬಾಯಿ ಬಿಡಬಾರದು. ಕೆಳಗೆ ನಿಂತವರು 'ಬಿಳಿ ಸೆಸ್ನಾ, ರೆಕ್ಕೆ ಅಲ್ಲಾಡಿಸು' ಅಂತಾರೆ, ನಾವು ಮೈ ಕುಣಿಸಿ ಹೂಂ ಅನ್ನಬೇಕು. ನಾನು ಕುಣಿಸಿದೆ. ಪೆಟ್ಟಿಗೆಯೂ ಕುಣೀತು. ಮೊಟ್ಟೆ ಇದ್ದವು ಅದರಲ್ಲಿ.

ನಾನು: ಛೆ. ಇಲ್ಲಿ ಅಡುಗೆ ಹೇಗೆ?

ಸೆಸ್ನಾ: ನೆರಳಿದೆ ಅಂತ ರೆಕ್ಕೆ ಕೆಳಗೆ ಸ್ಟವ್ ಹಚ್ಚೋಕೆ ಬಂದ! ಟ್ಯಾಂಕು ತುಂಬಿದ್ದು ಬಿಸಿಲು ಏರಿದರೆ ಪೆಟ್ರೋಲು ಉಬ್ಬಿ ಎಡರೆಕ್ಕೆ ಕೆಳಗಿನ ಗಾಳಿಕೊಳವೆಯಿಂದ ತೊಟ್ಟಿಕ್ಕುತ್ತೆ. ಪಕ್ಕದ ವಿಮಾನದ ಹೆಂಗಸು ಕೂಗಿ ನಿಲ್ಲಿಸಿದಳು, ಪುಣ್ಯ ಬರಲಿ. ಊಟ, ಐಸು, ಸ್ನಾನ, ಬಸ್ಸು ಎಲ್ಲ ಇಲ್ಲೇ ಸಿಗೋವಾಗ ಸ್ಟವ್ ಯಾಕೆ ಹೊತ್ತು ತಂದ ಅಂತ ಕೇಳು. 'ಬಯಲು ಬದುಕಿನ ಅನುಭವ' ಅಂತಾನೆ.

ನಾನು: ಅವರ ಹಣೆ ಮೇಲಿನ ಪಟ್ಟಿ?

ಸೆಸ್ನಾ: ರಾತ್ರಿ ಶೌಚಕ್ಕೆ ಎದ್ದು ನನ್ನ ರೆಕ್ಕೆಯ ಹಿಂದಂಚಿಗೆ ಹಣೆ ಕೊಟ್ಟ. ನನ್ನ ಕುಲದವರನ್ನು ಸಾಕಿದವರಲ್ಲಿ ಆ ಗಾಯ ಇಲ್ಲದವರು ಕಡಿಮೆ. ತಲೆಗೆ ಕಟ್ಟೋ ಬ್ಯಾಟರಿ ದೀಪವನ್ನು ತೂಕ ಉಳಿಸೋಕೆ ಮನೇಲಿ ಬಿಟ್ಟು ಬಂದಿದ್ದ.

ನಾನು: ಮತ್ತೇನು ಬಿಟ್ಟು ಬಂದರು?

ಸೆಸ್ನಾ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅದನ್ನೇ ಕೇಳ್ತೀಯೇನೋ ಅಂತ ಕಾಯ್ತಿದ್ದೆ. ನನ್ನನ್ನು ನೆಲಕ್ಕೆ ಕಟ್ಟೋ ಗೂಟ, ಹಗ್ಗ, ಸುತ್ತಿಗೆ. ಭಾರ ಅಂತ. ಬದಲಿಗೆ ನಾಯಿ ಕಟ್ಟೋ ತಿರುಪಿನ ಕಡ್ಡಿ ಮೂರು ತಂದಿದ್ದಾನೆ. ಬಯಲು ಮಳೆಯಲ್ಲಿ ನೆಂದರೆ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಮೇಲೆ ಬರ್ತವೆ ಅವು. ನಾನು ಓಡ್ತಿದ್ದೀನೋ ಗಾಳಿ ಓಡ್ತಿದೆಯೋ ರೆಕ್ಕೆಗೆ ಗೊತ್ತಾಗಲ್ಲಪ್ಪ. ಎದುರಿಂದ 50 ನಾಟ್ ದಾಟಿ ಗಾಳಿ ಬೀಸಿದರೆ ನನಗೆ ಹಾರುವ ಹೊತ್ತಾಯಿತು ಅಂತಲೇ ಅರ್ಥ, ಒಳಗೆ ಪೈಲಟ್ ಇರಲಿ, ಬಿಡಲಿ. 2011ರ ಮಾರ್ಚ್ 31ರಂದು ಫ್ಲಾರಿಡಾದ ಲೇಕ್‌ಲ್ಯಾಂಡ್ ಜಾತ್ರೆಯಲ್ಲಿ ಸುಂಟರಗಾಳಿ ಬಂದಾಗ ಹತ್ತಾರು ವಿಮಾನಗಳು ಹಾಳಾದವು, ಕೆಲವು ಹೊಟ್ಟೆ ಮೇಲಾಗಿ ಬಿದ್ದವು. ನಾನು ಎದ್ದರೆ ನಾನೊಬ್ಬಳೇ ಏಳಲ್ಲ, ಪಕ್ಕದವರ ಡೇರೆ ಮೇಲೆ ಇಳೀತೀನಿ. ಡೇರೆಯೊಳಗೆ ಜನ ಮಲಗಿರ್ತಾರೆ.

ನಾನು: ಇದನ್ನು ಅವರಿಗೆ ಹೇಳಬಾರದೆ?

ಸೆಸ್ನಾ: ಹೇಳಿದೆ. ರೆಕ್ಕೆ ಕಿರುಗುಟ್ಟಿಸಿದೆ. ಎಣ್ಣೆ ಹಾಕಿ ಹೋದ.

ನಾನು: ವಾಪಸಾಗುವಾಗಲಾದರೂ ಹಗುರವಾಗಿ ಹೋಗ್ತೀರಲ್ಲ.

ಸೆಸ್ನಾ: ಅಯ್ಯೋ! ನಿನ್ನೆ ಸಂತೆಯಿಂದ ಹಳೇ ರೇಡಿಯೋ ಒಂದು, ಸ್ಪ್ಯಾನರ್ ಸೆಟ್ಟು ಎರಡು, ಮೊಮ್ಮಗನಿಗೆ ಮರದ ಪ್ರೊಪೆಲರ್ ಗಡಿಯಾರ ಬಂದಿದೆ. ಬರುವಾಗ ಗ್ರಾಮ್ ಎಣಿಸಿದವರು ಹೋಗುವಾಗ ಕಿಲೋ ಕೂಡ ಎಣಿಸಲ್ಲ. ಸೆಖೆ ಹೆಚ್ಚಾದಷ್ಟೂ ಗಾಳಿ ತೆಳು, ಎಂಜಿನ್ನಿಗೂ ರೆಕ್ಕೆಗೂ ಹಿಡಿತ ಕಮ್ಮಿ, ರನ್‌ವೇ ಉದ್ದ ಬೇಕು. ಬೆಳಗಿನ ತಂಪಿಗೆ ಹೊರಟರೆ ಬದುಕಿದೆ. ಇವನು ಮಧ್ಯಾಹ್ನದ ಪ್ರದರ್ಶನ ಮುಗಿಸಿಕೊಂಡು ಹೊರಡೋಣ ಅಂತಿದ್ದಾನೆ.

ನಾನು: ನಮ್ಮ ಓದುಗರಿಗೆ ಏನಾದರೂ?

ಸೆಸ್ನಾ: ನನ್ನಂಥವಳ ಜೊತೆ ಬಯಲಲ್ಲಿ ಮಲಗೋ ಆಸೆ ಇದ್ದವರು ಮೊದಲು ಗೂಟ, ಹಗ್ಗ, ಸುತ್ತಿಗೆ ತೂಗಿ ಬರೆದುಕೊಳ್ಳಲಿ. ಆಮೇಲೆ ತಾವು ತಕ್ಕಡಿ ಹತ್ತಲಿ, ಬಟ್ಟೆ, ಬೂಟು ಹಾಕಿಕೊಂಡೇ. ಅಲ್ಲಿ ಬಂದ ಸಂಖ್ಯೆಯನ್ನೇ ಬರೆಯಲಿ.