ಹೆಗಲೇರುವ ಸೈಕಲ್ಲು

ಬೆಲ್ಜಿಯಂನವರು ಚಳಿಗಾಲದ ಕೆಸರಿನಲ್ಲಿ ತುಳಿಯುವ, ತುಳಿಯಲಾಗದ ಕಡೆ ಹೆಗಲಿಗೇರಿಸಿಕೊಂಡು ಓಡುವ ಸೈಕ್ಲೋಕ್ರಾಸ್ ಸೈಕಲ್ಲೇ ಬೇಕೆಂದು ಹಟ ಹಿಡಿದು ತಂದೆ. ಆಫೀಸಿಗೂ ಅದೇ, ನಂದಿ ಬೆಟ್ಟಕ್ಕೂ ಅದೇ, ತರಕಾರಿಗೂ ಅದೇ ಎಂಬ ಲೆಕ್ಕ.

"ಏನ್ರೀ, ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರಿಯರಿಲ್ಲ! ಉಳಿದದ್ದನ್ನ ಕಂತಿನಲ್ಲಿ ಕೊಡ್ತಾರಾ?" ಎಂದಳು ಹೆಂಡತಿ.

ಕೊಡುವುದಿಲ್ಲ. ಕ್ಯಾರಿಯರ್ ಬಿಗಿಯೋಣವೆಂದರೆ ನನ್ನದರಲ್ಲಿ ಅದಕ್ಕೆ ತೂತೇ ಇಲ್ಲ. ಹಾಗಾಗಿ ಕೊತ್ತಂಬರಿ ಕಟ್ಟು ನನ್ನ ಬೆನ್ನಿಗೆ. ಮಳೆಗಾಲದಲ್ಲಿ ಹಿಂದಿನ ಚಕ್ರದ ರಾಡಿಯೂ ಅಲ್ಲಿಗೇ.

ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ಇದು ರಾಜ. ಅಂತರರಾಷ್ಟ್ರೀಯ ರೇಸಿನಲ್ಲಿ ಟೈರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ. ಕೆಸರು ಕಚ್ಚಿಕೊಳ್ಳದಿರಲೆಂದು ಫೋರ್ಕಿನಲ್ಲಿ ಬಿಟ್ಟಿರುವ ಜಾಗದಲ್ಲಿ ನಾನು 38ರದ್ದು ತೂರಿಸಿದ್ದೇನೆ. ನಮ್ಮ ಬೀದಿಯಲ್ಲಿ ಅಳೆಯಲು ಅಂಪೈರ್ ಎಲ್ಲಿದ್ದಾನೆ?

ಮೊನ್ನೆ ಲಿಫ್ಟ್ ಕೆಟ್ಟಿತ್ತು. ಶಾಸ್ತ್ರೋಕ್ತವಾಗಿ ಹೆಗಲಿಗೇರಿಸಿ ಮೂರನೇ ಮಹಡಿ ಹತ್ತುತ್ತಿದ್ದೆ.

"ಪಂಚರ್ರಾ ಸಾರ್?" ಎಂದರು ಪಕ್ಕದ ಮನೆಯ ರಾಯರು.

ಅಲ್ಲ, ಈ ಆಟವೇ ಹೀಗೆ, 1950ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದು ಝಾನ್ ರೊಬಿಕ್ ಗೆದ್ದ ಎಂದೆಲ್ಲ ಏದುಸಿರಲ್ಲೇ ವಿವರಿಸಿದೆ. ರಾಯರು ಪೂರ್ತಿ ಕೇಳಿಸಿಕೊಂಡು, "ಮೂಲೆ ಅಂಗಡಿಯವನು ಎಂಟರವರೆಗೂ ಇರ್ತಾನೆ, ಬೇಗ ಹೋಗಿ" ಎಂದರು.