ಸೂರಿಗೊಂದು ಸಮಿತಿ

ಸಿಯಾಟಲ್‌ನಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ, ಸಮಿತಿಯಲ್ಲಿ ಕುರ್ಚಿ ಸಿಗುವುದು ಅಷ್ಟು ಕಷ್ಟವಲ್ಲ. ಸರ್ಕಾರ, ಕಂಪನಿ, ಚರ್ಚು, ದತ್ತಿನಿಧಿ ಎಲ್ಲ ಸೇರಿ 2005ರಲ್ಲೇ ಹತ್ತು ವರ್ಷದ ಯೋಜನೆ ಹಾಕಿದ್ದರು: ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ಪ್ರತಿ ಹಾಸಿಗೆಯ ಮೇಲೂ ಒಂದು ಸೂರು. ಹೇಳಿದ ವೇಳೆಗೆ ಮುಗಿದದ್ದು ಆ ಹತ್ತು ವರ್ಷ ಮಾತ್ರ. 2015ರ ನವೆಂಬರಿನಲ್ಲಿ ಮೇಯರ್ ಮತ್ತು ಕೌಂಟಿಯ ಮುಖ್ಯಸ್ಥರು ಜೊತೆಗೂಡಿ, ಮನೆಯಿಲ್ಲದವರ ಸಂಕಟಕ್ಕಾಗಿ ತುರ್ತು ಪರಿಸ್ಥಿತಿ ಘೋಷಿಸಿದರು.

ಆಮೇಲೆ ದುಡ್ಡಿನ ಮಾತು ಬಂತು ನೋಡಿ. 2018ರ ಮೇ ತಿಂಗಳಲ್ಲಿ ನಗರಸಭೆ ದೊಡ್ಡ ಕಂಪನಿಗಳ ಮೇಲೆ ನೌಕರನೊಬ್ಬನಿಗೆ ವರ್ಷಕ್ಕೆ 275 ಡಾಲರ್ ತೆರಿಗೆ ಹಾಕಿತು. ಒಂಬತ್ತಕ್ಕೆ ಒಂಬತ್ತೂ ಮತ ಪರವಾಗಿ ಬಿದ್ದವು. ಅಮೆಜಾನ್ ಅದಾಗಲೇ ಹೊಸ ಕಟ್ಟಡದ ಕೆಲಸ ನಿಲ್ಲಿಸಿ ಮುನಿಸಿಕೊಂಡಿತ್ತು. ತಿಂಗಳು ತುಂಬುವ ಮೊದಲೇ ಅದೇ ಸಭೆ 7–2ರಿಂದ ತೆರಿಗೆಯನ್ನು ರದ್ದುಮಾಡಿತು. ಇಷ್ಟು ಬೇಗ ಮಾತು ಬದಲಿಸಲು ನಮ್ಮ ಶಾಸಕರಿಗೂ ಕನಿಷ್ಠ ಒಂದು ರೆಸಾರ್ಟ್ ಬೇಕು! (2020ರಲ್ಲಿ ಬೇರೆ ಹೆಸರಿನ ತೆರಿಗೆ ಬಂತು, ನಿಜ. ಮನೆಗಳಿಗೆಂದು ಎತ್ತಿಟ್ಟ ಆ ದುಡ್ಡಿನಿಂದ ನಗರ ತನ್ನ ಬಜೆಟ್ಟಿನ ತೂತನ್ನೂ ಮುಚ್ಚಿಕೊಂಡಿತು.)

ತೆರಿಗೆ ಬೇಡ ಎಂದವರೂ ದಾನಕ್ಕೆ ಹಿಂದೆ ಬೀಳಲಿಲ್ಲ. 2022ರ ಫೆಬ್ರವರಿಯಲ್ಲಿ ಅಮೆಜಾನ್, ಮೈಕ್ರೋಸಾಫ್ಟ್, ಸ್ಟಾರ್‌ಬಕ್ಸ್ ಮೊದಲಾದವರು ಒಂದು ಕೋಟಿ ಡಾಲರ್ ಹಾಕಿ, ಪೇಟೆಯ ಬೀದಿಗಳಲ್ಲಿ ಮಲಗುವವರಿಗೆಲ್ಲ ನೆಲೆ ಕಾಣಿಸುವ 'ಪಾರ್ಟ್‌ನರ್‌ಶಿಪ್ ಫಾರ್ ಝೀರೋ' ಶುರುಮಾಡಿಸಿದರು. ತೆರಿಗೆ ಕಟ್ಟಿದವನಿಗೆ ರಸೀದಿ ಅಷ್ಟೇ. ದಾನ ಕೊಟ್ಟವನಿಗೆ ವೇದಿಕೆ, ಫೋಟೊ, ಮೇಲಾಗಿ ದುಡ್ಡು ಹೇಗೆ ಖರ್ಚಾಗಬೇಕೆಂದು ಹೇಳುವ ಹಕ್ಕು. 2023ರ ಸೆಪ್ಟೆಂಬರಿನಲ್ಲಿ ಅಂಗಡಿ ಮುಚ್ಚಿತು. ಮನೆ ಸಿಕ್ಕಿದ್ದು 231 ಜನರಿಗೆ. ಅದನ್ನು ನಡೆಸಿದ ಪ್ರಾದೇಶಿಕ ಪ್ರಾಧಿಕಾರ ಅದೇ ವರ್ಷ ಮುಂದಿಟ್ಟ ಐದು ವರ್ಷದ ಕರಡು ಯೋಜನೆಯ ಬೆಲೆ ಸುಮಾರು 1,200 ಕೋಟಿ ಡಾಲರ್. ಪ್ರಾಧಿಕಾರದ ಮುಖ್ಯಸ್ಥರು ರಾಜೀನಾಮೆ ಕೊಟ್ಟು ಹೊರಟರು.

ತಪ್ಪು ಯಾರದು? ಕೌಂಟಿಯನ್ನು ಕೇಳಿದರೆ ನಗರದತ್ತ ಕೈ, ನಗರವನ್ನು ಕೇಳಿದರೆ ಪ್ರಾಧಿಕಾರದತ್ತ ಕೈ. ಊರೆಲ್ಲಾ ನೆಂಟರು, ಉಣ್ಣಲಿಕ್ಕೆ ಕೂಳಿಲ್ಲ.

ಬೆಂಗಳೂರಿನವರು ನಗಬೇಕಿಲ್ಲ. 1999ರಲ್ಲಿ ಎಸ್.ಎಂ. ಕೃಷ್ಣ ಅವರು ನಂದನ್ ನಿಲೇಕಣಿಯವರ ಮುಂದಾಳತ್ವದಲ್ಲಿ ನಗರದ ಸುಧಾರಣೆಗೆಂದು ಕಟ್ಟಿದ ಕಾರ್ಯಪಡೆ 2004ರಲ್ಲಿ ಸರ್ಕಾರದ ಜೊತೆಗೇ ಮಲಗಿತು. ಒಂದಷ್ಟು 'ನಿರ್ಮಲ' ಶೌಚಾಲಯಗಳಾದರೂ ಉಳಿದವು ಅನ್ನಿ. ಇನ್ನು ಸಿಯಾಟಲ್‌ನಿಂದ ಸರೋವರದ ಈಚೆ ಬೆಲ್‌ವ್ಯೂ, ರೆಡ್ಮಂಡ್‌ಗಳಲ್ಲಿರುವ ನಾವು ಕನ್ನಡಿಗರು ಮನೆಯ ಬೆಲೆ ಏರಿತೆಂದು ಹಿಗ್ಗುತ್ತೇವೆ. ಅದೇ ಸಂಜೆ ಮನೆಯಿಲ್ಲದವರಿಗೆ ಚಂದಾ ಕೊಟ್ಟು, ಕಂಪನಿಯಿಂದಲೂ ಅಷ್ಟೇ ಕೊಡಿಸುತ್ತೇವೆ.

ಕೌಂಟಿಯಲ್ಲಿ ಮನೆಯಿಲ್ಲದವರು 2022ರ ಎಣಿಕೆಯಲ್ಲಿ 13,368, 2024ರಲ್ಲಿ 16,868. ಸಂಕಟ ಹೆಚ್ಚಾದುದರಿಂದ ಗಟ್ಟಿ ಕ್ರಮವನ್ನೇ ಕೈಗೊಂಡರು: ಪ್ರಾಧಿಕಾರದ ಎರಡು ಮಂಡಳಿಗಳಲ್ಲಿ ಒಂದನ್ನು ವಿಸರ್ಜಿಸಿದರು. ಒಕ್ಕಲೆಬ್ಬಿಸುವುದೆಂದರೇನೆಂದು ಕೆಲವು ಸದಸ್ಯರಿಗಾದರೂ ಗೊತ್ತಾಯಿತು.